ಅಟ್ಟದ ಮೇಲೆ ಅವಳು ಹೇಳಿದ ಹೌದು

ಅವಳು ಹೌದು ಎಂದಳು. ನಾನು ಇಲ್ಲ ಎಂದು ಒತ್ತಿದೆ.

ನನ್ನ ತಪ್ಪು ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಲು ಎಂಟು ವರ್ಷ ಬೇಕಾಯಿತು. ಬೆರಳು ಜಾರಿತು ಎನ್ನಬಹುದಿತ್ತು — ಟ್ಯಾಬಿನ ಗಾಜಿನ ಮೇಲೆ ಹೌದಿಗೂ ಇಲ್ಲಕ್ಕೂ ನಡುವೆ ಇರುವುದು ಒಂದು ಬೆರಳಿನ ಅಗಲ. ಆದರೆ ಬೆರಳು ಜಾರಲಿಲ್ಲ. ನೋಡಿ, ಯೋಚಿಸಿ, ಒತ್ತಿದೆ. ಒತ್ತಿದ ಮೇಲೂ ತಿದ್ದಲು ಅವಕಾಶವಿತ್ತು, ತಿದ್ದಲಿಲ್ಲ. ಇದನ್ನು ಬರೆಯಬೇಡ ಎಂದು ಹೇಳುವವರು ಈಗ ನನ್ನ ಸುತ್ತ ಹಲವರಿದ್ದಾರೆ. ಕೆಲಸ ಹೋಗುತ್ತದೆ ಎನ್ನುತ್ತಾರೆ, ಹೆಸರು ಕೆಡುತ್ತದೆ ಎನ್ನುತ್ತಾರೆ, ಆರಿದ ಬೂದಿ ಏಕೆ ಕೆದಕುತ್ತೀಯ ಎನ್ನುತ್ತಾರೆ. ಕೆದಕುತ್ತೇನೆ. ಅದು ಆರಿದೆ ಎಂದು ಇವರಿಗೆ ಹೇಳಿದವರು ಯಾರು?

ನನ್ನ ಹೆಸರು ಸುಜಾತ. ಬಾಣಾವರದವಳು. ಅಪ್ಪ ರೈಲ್ವೆಯಲ್ಲಿದ್ದರು, ನಮ್ಮದು ಬೌದ್ಧ ಧರ್ಮ ಸ್ವೀಕರಿಸಿದ ಮನೆ. ನಾನು ಎಂ.ಎ. ಓದಿ, ಒಂದಷ್ಟು ದಿನ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಈ ಕೆಲಸಕ್ಕೆ ಸೇರಿದೆ. ಬೇರೆ ಬೇರೆ ದೇಶಗಳಲ್ಲಿ ಸ್ವಂತ ವ್ಯಾಪಾರ ಮಾಡುವ ಹೆಂಗಸರ ಸ್ಥಿತಿಗತಿ ಅಳೆದು, ಯಾವ ದೇಶ ಮುಂದಿದೆ, ಯಾವುದು ಹಿಂದಿದೆ ಎಂದು ಪಟ್ಟಿ ಮಾಡುವ ಸಂಸ್ಥೆಯ ಕೆಲಸ ಅದು. ಸಂಸ್ಥೆಯ ಹೆಸರು ಇಲ್ಲಿ ಬೇಡ, ಒತ್ತಿದ ಬೆರಳು ನನ್ನದು. ಎಲ್ಲ ದೇಶಗಳಲ್ಲೂ ಅವೇ ಪ್ರಶ್ನೆಗಳು, ಆಯಾ ಭಾಷೆಗೆ ತಿರುಗಿಸಿದವು. ನಮ್ಮ ಕಡೆ ಅರಸೀಕೆರೆ, ಬೇಲೂರು, ಹಳೇಬೀಡು ಎಂದು ಮೂರು ಕೇಂದ್ರ. ಮನೆಮನೆಗೆ ಹೋಗಿ ಕೇಳುವುದು, ಕೇಳಿದ್ದನ್ನು ಟ್ಯಾಬಿನಲ್ಲಿ ತುಂಬುವುದು ನನ್ನ ಪಾಲಿಗೆ ಬಂದಿತ್ತು.

ಪ್ರಶ್ನೆಗಳೋ — ದೂರದ ಯಾವುದೋ ಊರಿನಲ್ಲಿ ಕುಳಿತು ಬರೆದವು. ನಿಮ್ಮ ಉದ್ಯಮದ ಹೆಸರೇನು? ನಿಮ್ಮ ಕಚೇರಿ ಮನೆಯಿಂದ ಎಷ್ಟು ದೂರ? ಸೋಲಿನ ಭಯ ನಿಮ್ಮನ್ನು ತಡೆಯುತ್ತದೆಯೇ? ರಾಗಿ ಹುರಿಹಿಟ್ಟು ಮಾಡುವ ಮುದುಕಿಯ ಮುಂದೆ, ಹೂ ಕಟ್ಟುವವಳ ಮುಂದೆ ಇವನ್ನು ಓದುವಾಗ ನನಗೇ ನಗು ಬರುತ್ತಿತ್ತು. ಆದರೂ ಆ ಕೆಲಸದ ಮೇಲೆ ನನಗೆ ಅಭಿಮಾನವಿತ್ತು. ನಮ್ಮ ಕಡೆಯ ಹೆಂಗಸರನ್ನು ಅಷ್ಟು ಹೊತ್ತು ಕೂರಿಸಿಕೊಂಡು, ನಿನ್ನ ಪಾಡೇನು ಎಂದು ಕೇಳಿದವರು ಬೇರೆ ಯಾರೂ ಇರಲಿಲ್ಲ.

ಅದರಲ್ಲಿ ಏಳನೇ ಭಾಗ ಮಾತ್ರ ಬೇರೆ. ಅದರ ಮೊದಲ ಪ್ರಶ್ನೆ: ವ್ಯಾಪಾರ ಮಾಡುವ ಕಾರಣಕ್ಕೆ ಮನೆಯವರು ಯಾರಾದರೂ ನಿಮ್ಮ ಮೇಲೆ ಕೈ ಮಾಡಿದ್ದಾರೆಯೇ? ಇದನ್ನು ಕೇಳುವಾಗ ಅವಳೊಬ್ಬಳೇ ಇರಬೇಕು. ಯಾರಾದರೂ ಬಂದರೆ ತಕ್ಷಣ ಮಳೆ ಬೆಳೆಯ ಮಾತಿಗೆ ಹೊರಳಬೇಕು. ಇಲ್ಲ ಎಂದು ಒತ್ತಿದರೆ ಟ್ಯಾಬು ತಾನೇ ಎಂಟನೇ ಭಾಗಕ್ಕೆ, ಮಾರುಕಟ್ಟೆಯ ಪ್ರಶ್ನೆಗಳಿಗೆ ಹಾರುತ್ತದೆ. ಹೌದು ಎಂದು ಒತ್ತಿದರೆ ಇನ್ನಷ್ಟು ಪ್ರಶ್ನೆ ತೆರೆಯುತ್ತವೆ. ಆಮೇಲೆ ಹದಿನೈದು ದಿನದೊಳಗೆ ಹಾಸನದಿಂದ ಒಬ್ಬ ಮಹಿಳೆ ಬರುತ್ತಾಳೆ, ಬೇರೆ ಯಾವುದೋ ನೆಪದಲ್ಲಿ, ಯಾರಿಗೂ ತಿಳಿಯದ ಹಾಗೆ. ಡಾಕ್ಟರು ಬೇಕೋ, ವಕೀಲರು ಬೇಕೋ, ವ್ಯಾಪಾರದ ಪರವಾನಗಿಯನ್ನು ಸ್ವಂತ ಹೆಸರಿಗೆ ಮಾಡಿಸಬೇಕೋ — ಅವಳು ನೋಡಿಕೊಳ್ಳುತ್ತಾಳೆ. ಇಡೀ ಸಮೀಕ್ಷೆಯಲ್ಲಿ ನಾವು ಏನಾದರೂ ವಾಪಸು ಕೊಡುತ್ತಿದ್ದದ್ದು ಈ ಒಂದೇ ಭಾಗದಲ್ಲಿ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಚಂದ್ರಮ್ಮನ ಮನೆ ಗಂಡಸಿ ಹೋಬಳಿಯ ಒಂದು ಊರಿನಲ್ಲಿ. ಅವಳದು ಕೊಬ್ಬರಿ ವ್ಯಾಪಾರ. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅವರಿವರ ಮನೆಯ ಅಟ್ಟದ ಮೇಲಿರುವಾಗಲೇ ಕಾಯಿ ನೋಡಿ, ಒಡೆಯದೆಯೇ ಒಳಗಿನ ಕೊಬ್ಬರಿ ಹೇಗಿದೆ ಎಂದು ಅಂದಾಜು ಮಾಡಿ ಕೊಳ್ಳುವುದು ಅವಳ ಕಸುಬು. ಹಾರನಹಳ್ಳಿ, ಬಾಣಾವರದವರೆಗೂ ಅವಳ ಅಂದಾಜಿಗೆ ಬೆಲೆಯಿತ್ತು. ಪರವಾನಗಿ ಮಾತ್ರ ಗಂಡನ ಹೆಸರಿನಲ್ಲಿ.

ಊರಿಗೆ ಹೋದ ಕೂಡಲೇ ನೇರವಾಗಿ ಅವಳ ಮನೆಗೆ ಹೋಗಲಿಲ್ಲ. ನಮ್ಮಲ್ಲಿ ಹಾಗೆ ಹೋಗುವ ಪದ್ಧತಿಯೂ ಇಲ್ಲ. ಯಾವ ಊರಿಗೆ ಕಾಲಿಟ್ಟರೂ ಮೊದಲು ಊರಿನ ದೊಡ್ಡವರೊಬ್ಬರ ಮನೆಗೆ ಹೋಗಿ, ಹೀಗೆ ಬಂದಿದ್ದೇವೆ ಎಂದು ಹೇಳಿ, ಅವರು ಹೂಂ ಎಂದ ಮೇಲೆ ಮುಂದಿನ ಮನೆ. ಇದು ನಿಯಮದ ಪುಸ್ತಕದಲ್ಲಿ ಬರೆದದ್ದಲ್ಲ. ನಾವೇ ಮಾಡಿಕೊಂಡದ್ದು, ಕೆಲಸ ಸಲೀಸಾಗಲಿ ಎಂದು. ಆ ಊರಿನ ದೊಡ್ಡವರು ಚಂದ್ರಮ್ಮನ ಭಾವ, ಗಂಡನ ಅಣ್ಣ. ಪಕ್ಕದ ಮನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಷ್ಟು ದಿನದ ತಿರುಗಾಟದಲ್ಲಿ ನನಗೆ ಸಿಕ್ಕ ಮರ್ಯಾದೆ ಎಂಥದ್ದೆಂದು ನನಗೆ ಗೊತ್ತು. "ನೀವು ಯಾವ ಪೈಕಿ?" ಎಂದು ಮೊದಲು ಕೇಳುವವರು. ಕೇಳಿ ತಿಳಿದ ಮೇಲೆ ಜಗಲಿಯಲ್ಲೇ ನಿಲ್ಲಿಸುವವರು. ಜೊತೆಯಲ್ಲಿ ಬಂದ ಹುಡುಗಿಗೆ ಸ್ಟೀಲ್ ಲೋಟದಲ್ಲಿ ಕಾಫಿ, ನನಗೆ ಎಲ್ಲಿಂದಲೋ ಹುಡುಕಿ ತಂದ ಪೇಪರ್ ಕಪ್ಪಿನಲ್ಲಿ. ನಾನು ಕುಡಿಯದೆ ಎದ್ದು ಬರುತ್ತಿದ್ದೆ. ಬಾಗಿಲಲ್ಲೇ ನಿಂತು ಜಗಳವಾಡಿದ್ದೂ ಉಂಟು. ಅಪ್ಪ ಕಲಿಸಿದ್ದು ಅದನ್ನೇ.

ಭಾವನ ಮನೆಯಲ್ಲಿ ಹಾಗಾಗಲಿಲ್ಲ.

"ಬನ್ನಿ ಬನ್ನಿ, ಒಳಕ್ಕೆ ಬನ್ನಿ. ಬಾಣಾವರದ ಸ್ಟೇಷನ್ನಲ್ಲಿದ್ರಲ್ಲ, ಅವ್ರ ಮಗ್ಳಲ್ವಾ? ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಕಣಮ್ಮ" ಎಂದರು. ನಡುಮನೆಯಲ್ಲಿ ಕುರ್ಚಿ ಹಾಕಿಸಿದರು. ಅವರು ಕುಡಿಯುವಂಥದೇ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ನನ್ನ ಎದುರು ಕುಳಿತು, ಅಪ್ಪನ ಆರೋಗ್ಯ ವಿಚಾರಿಸಿ, ಅವರೂ ಕುಡಿದರು. ನಾನು ಕರಗಿಹೋದೆ. ಮೂವತ್ತನಾಲ್ಕು ವರ್ಷದ ಹೆಂಗಸು, ಎಂ.ಎ. ಓದಿದವಳು, ಒಂದು ಲೋಟ ಕಾಫಿಗೆ ಕಣ್ಣು ತುಂಬಿಕೊಂಡು ಕುಳಿತಿದ್ದೆ.

ಲೋಟ ಕೆಳಗಿಟ್ಟಾಗ ಅವರು ಹೇಳಿದರು: "ವ್ಯಾಪಾರದ್ದು ಏನ್ ಬೇಕಾದ್ರೂ ಕೇಳ್ಕಳಿ. ಮನೆ ಒಳಗಿನ ಮಾತು ಮಾತ್ರ ಬ್ಯಾಡಿ. ನಮ್ಮನೇಲಿ ಕುಂತು ಕಾಫಿ ಕುಡ್ದಿದ್ದೀರಿ."

"ಇಲ್ಲ ಯಜಮಾನ್ರೇ, ವ್ಯಾಪಾರದ್ದಷ್ಟೇ" ಎಂದೆ.

ಆ ಮಾತು ಕೊಟ್ಟೆನಲ್ಲ, ಅದನ್ನು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಕುರ್ಚಿಯಲ್ಲಿ ಕೂರುವುದು ನನ್ನ ಹಕ್ಕು. ಎಲ್ಲರೂ ಕುಡಿಯುವ ಲೋಟದಲ್ಲಿ ಕುಡಿಯುವುದು ನನ್ನ ಹಕ್ಕು. ಅದನ್ನು ನಾನು ಉಡುಗೊರೆ ಎಂದು ತೆಗೆದುಕೊಂಡೆ — ಉಡುಗೊರೆಗೆ ಬದಲು ಏನಾದರೂ ಕೊಡಬೇಕಲ್ಲ — ನನ್ನದಲ್ಲದ್ದನ್ನು ಕೊಟ್ಟುಬಿಟ್ಟೆ. ಜಾತಿಯ ನೋವನ್ನು ನೆಪ ಮಾಡಿಕೊಳ್ಳುತ್ತಿದ್ದಾಳೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ನೆಪವಲ್ಲ. ಆ ನೋವು ಏನೆಂದು ತಿಳಿದವಳೇ ಇನ್ನೊಬ್ಬಳ ನೋವನ್ನು ಮುಚ್ಚಿದಳು ಎಂದರೆ ತಪ್ಪು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಚಂದ್ರಮ್ಮನ ಮನೆಯಲ್ಲಿ ಅವಳ ಅತ್ತೆ ಬಾಗಿಲ ಬಳಿ ಕಾಲು ಚಾಚಿ ಕುಳಿತಿದ್ದರು. ಗಂಡ ಅರಸೀಕೆರೆಗೆ ಹೋಗಿದ್ದ. ನನಗೆ ಯಾರೂ ಇಲ್ಲದ ಜಾಗ ಬೇಕು ಎಂದು ನಾನು ಮೆಲ್ಲಗೆ ಹೇಳಿದ್ದಕ್ಕೆ ಚಂದ್ರಮ್ಮ ನಕ್ಕಳು. "ಯಾರೂ ಬರ್ದಿರೋ ಜಾಗ್ವಾ? ಹಂಗಾದ್ರೆ ಅಟ್ಟ ಹತ್ತಿ. ಅತ್ತೆಗೆ ಮಂಡಿ ನೋವು."

ಏಣಿ ಹತ್ತಿದೆವು. ಮೇಲೆ ಸೊಂಟದೆತ್ತರಕ್ಕೆ ಒಣಗಿದ ಕಾಯಿಗಳು, ಹೆಂಚಿನ ಸಂದಿಯಿಂದ ಬಿಸಿಲು, ಕೊಬ್ಬರಿಯ ಘಮ. ಕಾಯಿಗಳನ್ನು ಅತ್ತಿತ್ತ ಸರಿಸಿ ಇಬ್ಬರೂ ಎದುರುಬದುರು ಕುಳಿತೆವು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು, ಮೊದಲ ಗಳಿಗೆಯಿಂದಲೇ ಅಕ್ಕ ಎಂದಳು. ಉದ್ಯಮದ ಹೆಸರೇನು ಎಂದರೆ, "ಎಸ್ರಾ? ಜನ ಚಂದ್ರಮ್ಮನ ಕೊಬ್ರಿ ಅಂತಾರೆ, ಅದ್ನೇ ಹಾಕ್ಕಳಿ" ಎಂದಳು. ಕಚೇರಿ ಎಷ್ಟು ದೂರ ಎಂದರೆ, "ಇವಾಗ ಹತ್ತಿದ್ರಲ್ಲ, ಅಷ್ಟು ದೂರ." ಸೋಲಿನ ಭಯದ ಪ್ರಶ್ನೆಗೆ ಒಂದು ಕಾಯಿ ಕೈಗೆತ್ತಿಕೊಂಡು, "ಇದ್ರೊಳ್ಗೆ ಏನೈತೆ ಅಂತ ಒಡೆಯೋಗಂಟ ದೇವ್ರಿಗೂ ಗೊತ್ತಿಲ್ಲ. ಎದ್ರುಕಂಡು ಕೂತ್ರೆ ಆಯ್ತದಾ?" ಎಂದಳು.

ಆಮೇಲೆ ಆ ಕಾಯನ್ನು ಬಲಗಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಕಣ್ಣು ಮುಚ್ಚಿ ಕೇಳಿದಳು. ನನ್ನ ಕಿವಿಗೂ ಹಿಡಿದಳು. ಒಳಗೆ ಗಡಗಡ ಎಂದು ಉರುಳುವ ಸದ್ದು. "ಇದು ಬಿಟ್ಕಂಡೈತೆ." ಇನ್ನೊಂದು ಹಿಡಿದಳು, ಮಂದವಾದ ಸದ್ದು. "ಇದಕ್ಕೆ ಇನ್ನೂ ಎರಡು ತಿಂಗ್ಳು ಬೇಕು." ಮೂರನೆಯದು ನನಗೆ ಮೊದಲನೆಯದರಂತೆಯೇ ಕೇಳಿಸಿತು, ಅವಳು ಮುಖ ಕಿವುಚಿ, ಒಳಗೆ ಕೆಟ್ಟಿದೆ ಎಂದು ಪಕ್ಕಕ್ಕೆಸೆದಳು. ಅವಳ ವ್ಯಾಪಾರವೆಲ್ಲ ಆ ಕಿವಿಯ ಮೇಲೆ ನಿಂತಿತ್ತು. ಕೆಳಗಿನಿಂದ ಅತ್ತೆ, "ಏನ್ರೇ ಅಷ್ಟೊತ್ತು ಮಾತು?" ಎಂದು ಕೂಗಿದರು. "ಕಾಯಿ ತೋರುಸ್ತಿವ್ನಿ ಅತ್ತೆ!" ಎಂದು ಇವಳು ಕೂಗಿದಳು.

ಏಳನೇ ಭಾಗಕ್ಕೆ ಬಂದೆ. ಪ್ರಶ್ನೆ ಓದಿದೆ. ಅವಳು ಏಣಿಯ ಕಡೆ ಒಮ್ಮೆ ನೋಡಿದಳು.

"ಹೌದು. ಬರ್ಕಳಿ" ಎಂದಳು. ದನಿಯಲ್ಲಿ ಅಳುವಿರಲಿಲ್ಲ. "ಎಡಗಿವಿ ಆಗ್ಲೇ ಹೋಯ್ತು ಕಣಕ್ಕ. ಕಾಯಿ ನೋಡಕ್ಕೆ ಅಂತ ಒಬ್ಳೇ ಹಾರನಹಳ್ಳಿಗೆ ಹೋಗಿ ಬಂದೆ, ಅದ್ಕೆ ನನ್ ಗಂಡ ಹೊಡ್ದ. ಬಲಗಿವಿ ಉಳುಸ್ಕಬೇಕು. ಇದೂ ಹೋದ್ರೆ ನನ್ ವ್ಯಾಪಾರ ಹೋಯ್ತು. ಬರ್ಕಂಡ್ರೆ ಯಾರಾದ್ರೂ ಬತ್ತಾರಾ?"

"ಬರ್ತಾರೆ" ಎಂದೆ.

ಅಷ್ಟರಲ್ಲಿ ಅಂಗಳದಿಂದ ಭಾವನ ದನಿ ಬಂತು — "ಮುಗೀತೇನಮ್ಮ ನಿಮ್ ವ್ಯಾಪಾರದ್ ಮಾತು?" — ಗದರಿಕೆಯಲ್ಲ, ಬೆದರಿಕೆಯಲ್ಲ, ಮನೆಗೆ ಬಂದ ನೆಂಟಳನ್ನು ಕೇಳುವಂಥ ಮೆತ್ತಗಿನ ದನಿ. ನಾನು ಟ್ಯಾಬನ್ನು ನನ್ನ ಕಡೆಗೆ ಓರೆ ಮಾಡಿಕೊಂಡೆ. ಇಲ್ಲ ಎಂದು ಒತ್ತಿದೆ. ಟ್ಯಾಬು ಎಂಟನೇ ಭಾಗಕ್ಕೆ ಹಾರಿತು. ಮಾರುಕಟ್ಟೆಗೆ ಹೋಗಲು ಯಾವ ವಾಹನ ಬಳಸುತ್ತೀರಿ ಎಂದು ಕೇಳಿದೆ. ಬಸ್ಸು, ಇಲ್ಲದಿದ್ದರೆ ಟೆಂಪೋ ಎಂದಳು. ಅವಳ ಮುಖ ಹಗುರಾಗಿತ್ತು, ಹೇಳಿಕೊಂಡವರ ಮುಖ ಹಗುರಾಗುವ ಹಾಗೆ. ಏಣಿ ಇಳಿಯುವಾಗ ನನ್ನ ಕೈ ಹಿಡಿದು ಇಳಿಸಿದಳು.

ಮಾಡಿದ ಸಮೀಕ್ಷೆ ಸರಿಯೋ ಎಂದು ಮೇಲಿನವರು ಫೋನ್ ಮಾಡಿ ವಿಚಾರಿಸುವುದುಂಟು. ಮಾಡಿದ್ದರು. ಅವಳು ಕೊಟ್ಟ ನಂಬರು ಗಂಡನದು, ಮನೆಯಲ್ಲಿದ್ದದ್ದು ಅದೊಂದೇ ಫೋನು. ಅವನು ಎಲ್ಲವೂ ಸರಿಯಾಗಿದೆ ಎಂದ. ಹಾಸನದಿಂದ ಯಾರೂ ಹೋಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು?

ಮುಂದಿನ ವರ್ಷ ವರದಿ ಬಂತು. ಬೇಲೂರಿನಲ್ಲಿ ದೊಡ್ಡ ಸಭೆ. ಹೊರದೇಶದ ಅತಿಥಿಗಳು ಬೆಳಿಗ್ಗೆ ದೇವಸ್ಥಾನ ನೋಡಿಕೊಂಡು ಬಂದಿದ್ದರು, ಮಧ್ಯಾಹ್ನ ಹಳೇಬೀಡು ನೋಡುವವರಿದ್ದರು. ನಡುವಿನ ಹೊತ್ತಿನಲ್ಲಿ ನಮ್ಮ ಹೆಂಗಸರ ಸ್ಥಿತಿಗತಿ. ಕನ್ನಡದ ಸಾರಾಂಶ ಓದಲು ನನ್ನನ್ನೇ ವೇದಿಕೆಗೆ ಹತ್ತಿಸಿದ್ದರು. ಸಾಧನೆ ಮಾಡಿದ ವ್ಯಾಪಾರಸ್ಥ ಹೆಂಗಸರಿಗೆ ಸನ್ಮಾನವೂ ಇತ್ತು. ಮುಂದಿನ ಸಾಲಿನಲ್ಲಿ ಚಂದ್ರಮ್ಮ ಕುಳಿತಿದ್ದಳು — ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಭಾವ. ಬಲಗಿವಿಯನ್ನು ವೇದಿಕೆಯ ಕಡೆ ತಿರುಗಿಸಿ, ಒಂದೂ ಮಾತು ತಪ್ಪಬಾರದು ಎಂಬಂತೆ ಕೇಳುತ್ತಿದ್ದಳು.

ನಾನು ಓದಿದೆ. "ನಮ್ಮ ಮೂರೂ ಕೇಂದ್ರಗಳಲ್ಲಿ, ವ್ಯಾಪಾರದ ಕಾರಣಕ್ಕೆ ಮನೆಯವರು ಕೈ ಮಾಡಿದ್ದಾರೆ ಎಂದು ಒಬ್ಬ ಮಹಿಳೆಯೂ ಹೇಳಿಲ್ಲ." ಚಪ್ಪಾಳೆ. ಈ ಸೀಮೆ ಬೇರೆ ದೇಶಗಳಿಗೂ ಮಾದರಿ ಎಂದು ಅತಿಥಿಯೊಬ್ಬರು ಎದ್ದು ನಿಂತು ಹೇಳಿದರು. ಭಾವನೂ ಚಪ್ಪಾಳೆ ತಟ್ಟಿದರು. ಆ ಸಾಲು ಓದುವಾಗ ನಾನು ತಲೆ ಎತ್ತಲಿಲ್ಲ. ಹಾಗೆ ಹೇಳಿದವರು ಇನ್ನೂ ಇದ್ದರೋ, ನನ್ನಂಥ ಇನ್ನೆಷ್ಟು ಬೆರಳುಗಳು ಇಲ್ಲ ಎಂದು ಒತ್ತಿದ್ದವೋ, ನನಗೆ ಗೊತ್ತಿಲ್ಲ. ನನ್ನದು ಗೊತ್ತು.

ಊಟದ ಹೊತ್ತಿನಲ್ಲಿ ಅವಳು ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡೇ ನನ್ನ ಬಳಿಗೆ ಬಂದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

"ಅಕ್ಕ, ನಾನ್ ಹೇಳಿದ್ದು ಯಾವ್ ದೇಶಕ್ಕೆ ಹೋಯ್ತು?"

ಆಗಲಾದರೂ ಹೇಳಬಹುದಿತ್ತು. ಹಾಸನದವಳು ಆ ದಿನ ಅಲ್ಲಿಯೇ, ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಊಟಕ್ಕೆ ನಿಂತಿದ್ದಳು. ಕೈ ಹಿಡಿದು ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. "ಕಂಪ್ಯೂಟರಲ್ಲಿ ಏನೋ ತಪ್ಪಾಗಿದೆ ಚಂದ್ರಮ್ಮ, ವಿಚಾರಿಸ್ತೀನಿ" ಎಂದೆ. "ಕಂಪ್ಯೂಟ್ರಾ" ಎಂದಳು. ತಲೆಯಾಡಿಸಿ, ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, ಗಂಡ ನಿಂತಿದ್ದ ಕಡೆಗೆ ಹೊರಟಳು. ಮೊದಲನೆಯದು ಹೇಡಿತನ ಎಂದಾದರೂ ಅನ್ನಬಹುದು, ಈ ಎರಡನೆಯ ಸುಳ್ಳಿಗೆ ನನ್ನ ಬಳಿ ಹೆಸರೂ ಇಲ್ಲ.

ಆ ಸಭೆಯಾಗಿ ಸುಮಾರು ಒಂದೂವರೆ ವರ್ಷವಾಗಿರಬೇಕು. ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಅವಳ ಬೆನ್ನು ಕಂಡಿತು. ಒಂದು ಗಳಿಗೆ ಹಿಂಜರಿದು, ಚಂದ್ರಮ್ಮ ಎಂದು ಕರೆದೆ. ತಿರುಗಲಿಲ್ಲ. ಹತ್ತಿರ ಹೋಗಿ ಬಲಗಡೆಯಿಂದ ಕರೆದೆ. ಆಗಲೂ ತಿರುಗಲಿಲ್ಲ. ಅವಳ ಜೊತೆಯಲ್ಲಿದ್ದ ಹೆಂಗಸು ನನ್ನನ್ನು ನೋಡಿ ಕೈಯಾಡಿಸಿದಳು: "ಅವ್ಳಿಗೆ ಕೇಳ್ಸಲ್ಲ ಕಣ್ರೀ. ಎರಡೂ ಕಿವಿ ಹೋಯ್ತು, ಹೊಡೆದು ಹೊಡೆದು. ಈಗ ತವರಿಗೆ ಹೊರಟವ್ಳೆ, ಹಳೇಬೀಡಿನ ಕಡೆ. ನಿಮ್ಗೆ ಏನಾಗ್ಬೇಕು ಅವ್ಳು?"

ಏನೂ ಆಗಬೇಕಿಲ್ಲ ಎಂದೆ. ಚಂದ್ರಮ್ಮ ತಿರುಗುವ ಮೊದಲೇ ಹಿಂದೆ ಸರಿದು, ಸಿಕ್ಕ ಬಸ್ಸು ಹತ್ತಿದೆ. ಅದು ಎಲ್ಲಿಗೆ ಹೋಗುವ ಬಸ್ಸೆಂದೂ ನೋಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನಗೆ ಬಡ್ತಿ ಸಿಕ್ಕಿತು. ಕೇಳುವವಳಿಂದ, ಕೇಳುವವರನ್ನು ನೋಡಿಕೊಳ್ಳುವವಳಾದೆ. ಹುಡುಗಿಯರಿಗೆ ನಿಯಮ ಹೇಳಿಕೊಟ್ಟೆ — ಉತ್ತರ ಅವರದು, ನಿಮ್ಮದಲ್ಲ. ಹೇಳಿದ್ದನ್ನು ಹೇಳಿದ ಹಾಗೆ ತುಂಬಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹಾಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಈ ವರ್ಷ ಹೊಸ ಸುತ್ತಿನ ಸಮೀಕ್ಷೆ ಶುರುವಾಯಿತು. ತರಬೇತಿ ಕೊಡಲು ನನ್ನನ್ನೇ ಕರೆದರು. ಹೊಸ ಪುಸ್ತಕದಲ್ಲಿ, ಏಳನೇ ಭಾಗವನ್ನು ಚೆನ್ನಾಗಿ ನಡೆಸಿದ ಕೇಂದ್ರಕ್ಕೆ ಉದಾಹರಣೆಯೆಂದು ನಮ್ಮ ಅರಸೀಕೆರೆಯನ್ನು ಹಾಕಿದ್ದರು. ಆ ಪುಟ ತೆರೆದು ಕುಳಿತೆ. ಹೊಸ ಹುಡುಗಿಯರು ನನ್ನನ್ನು ನೋಡಿ ಕಲಿಯಬೇಕು ಎಂದಾದಾಗ — ಇಲ್ಲ, ಇನ್ನು ಆಗುವುದಿಲ್ಲ ಅನಿಸಿತು.

ಮೇಲಿನವರಿಗೆ ಪತ್ರ ಬರೆದೆ. ಏನು ಮಾಡಿದೆ, ಎಲ್ಲಿ, ಯಾರಿಗೆ ಮಾತು ಕೊಟ್ಟು ಮಾಡಿದೆ, ಎಲ್ಲವನ್ನೂ. ಮರುದಿನವೇ ಕರೆ ಬಂತು. ಒಳ್ಳೆಯ ಮನುಷ್ಯ ಅವರು, ಗದರಲಿಲ್ಲ.

"ಸುಜಾತ, ಇದು ಹೊರಗೆ ಬಂದ್ರೆ ಮೂರೂ ಕೇಂದ್ರದ ಹಳೇ ಉತ್ತರ ಎಲ್ಲಾ ಅನುಮಾನಕ್ಕೆ ಬರತ್ತೆ. ಯೋಚನೆ ಮಾಡಿ. ಒಂದು ಉತ್ತರದಿಂದ ದೇಶದ ಅಂಕ ಅಲ್ಲಾಡೋದಿಲ್ಲ."

"ಅಲ್ಲಾಡೋದೇ ಇಲ್ಲ ಅಂದ್ಮೇಲೆ ಅವಳನ್ನ ಯಾಕೆ ಕೇಳಿಸಿದಿರಿ ಸರ್?" ಎಂದೆ.

ಪತ್ರ ವಾಪಸು ತೆಗೆದುಕೊಂಡರೆ ಕೆಲಸ ಉಳಿಯುತ್ತದೆ, ವಾರದೊಳಗೆ ತಿಳಿಸಿ ಎಂದರು. ನಾನು ಫೋನಿನಲ್ಲಿಯೇ ತಿಳಿಸಿದೆ. ತೆಗೆದುಕೊಳ್ಳುವುದಿಲ್ಲ. ಅನುಮಾನಕ್ಕೆ ಬರಲಿ, ಎಲ್ಲ ಉತ್ತರವೂ ಬರಲಿ. ಸುಳ್ಳು ಹೇಳಿ ಮಾದರಿಯಾಗುವುದಕ್ಕಿಂತ ನಿಜ ಹೇಳಿ ಪಟ್ಟಿಯ ಕೊನೆಯಲ್ಲಿ ನಿಲ್ಲುವುದು ಮೇಲು. ತರಬೇತಿಗೆ ಬರುವುದು ಬೇಡ ಎಂದು ಸಂಜೆ ಇಮೇಲ್ ಬಂತು. ಜೊತೆಯಲ್ಲಿ ಕೆಲಸ ಮಾಡುವವರು ಒಬ್ಬೊಬ್ಬರಾಗಿ ಫೋನ್ ಮಾಡಿ, ನಮ್ಮ ಹೊಟ್ಟೆ ಮೇಲೂ ಹೊಡೆಯಬೇಡ ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆ ಭಯಕ್ಕೆ ನಾನು ಒಮ್ಮೆ ತಲೆಬಾಗಿದ್ದೆ, ಎರಡನೇ ಸಲ ಬಾಗುವುದಿಲ್ಲ.

ಕಳೆದ ಗುರುವಾರ ಹಳೇಬೀಡಿಗೆ ಹೋದೆ. ಕೇಳಿದ ಮೊದಲ ಅಂಗಡಿಯಲ್ಲೇ ದಾರಿ ತೋರಿಸಿದರು. ರಸ್ತೆಯ ಪಕ್ಕ ಶೀಟು ಹಾಕಿದ ಒಂದು ಶೆಡ್ಡು, ಮೂರ್ನಾಲ್ಕು ಜನ ಕಾಯಿ ಸುಲಿಯುತ್ತಿದ್ದರು, ನಡುವೆ ಚಂದ್ರಮ್ಮ. ತಲೆಯಲ್ಲಿ ಒಂದಷ್ಟು ಬಿಳಿ ಬಂದಿದೆ. ಒಂದೊಂದೇ ಕಾಯನ್ನು ಅಂಗೈ ಮೇಲಿಟ್ಟುಕೊಂಡು, ಇನ್ನೊಂದು ಕೈ ಮೇಲೆ ಮುಚ್ಚಿ, ನಿಧಾನವಾಗಿ ಅಲ್ಲಾಡಿಸುತ್ತಿದ್ದಳು. ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿಯುವುದನ್ನು ಕೈಯಿಂದ ತಿಳಿಯುತ್ತಿದ್ದಳು. ಇದನ್ನು ಓದಿ, ಪರವಾಗಿಲ್ಲ ಬಿಡಿ, ಅವಳ ವ್ಯಾಪಾರ ಉಳಿದಿದೆಯಲ್ಲ ಎಂದು ನನಗೆ ಸಮಾಧಾನ ಹೇಳಲು ಯಾರೂ ಬರಬೇಡಿ. ಉಳಿಸಿಕೊಂಡವಳು ಅವಳು. ಕೆಡಿಸಿದವಳು ನಾನು. ಹಿಂದೆ ಒಂದು ದಿನದಲ್ಲಿ ನೋಡುತ್ತಿದ್ದ ಅಟ್ಟಕ್ಕೆ ಈಗ ಮೂರು ದಿನ ಬೇಕು ಎಂದು ಆಮೇಲೆ ಅವಳೇ ಹೇಳಿದಳು.

ನನ್ನನ್ನು ನೋಡಿದ ಕೂಡಲೇ ಗುರುತಿಸಿದಳು. ಎದ್ದು ಬಂದು, ಕೂತ್ಕಳಿ ಎಂದು ಮೂಟೆ ತೋರಿಸಿದಳು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಅವಳೊಬ್ಬಳಿಗೆ ಮಾತ್ರ ಕೇಳುವಂತೆ ಹೇಳಿದೆ — ಅವತ್ತು ನೀವು ಹೇಳಿದ್ದನ್ನ ನಾನು ಬರ್ಕೊಳ್ಳಲಿಲ್ಲ. ಅವಳು ನನ್ನ ತುಟಿಯನ್ನೇ ನೋಡಿದಳು. ಬಲಗಿವಿಗೆ ಕೈ ಅಡ್ಡ ಹಿಡಿದಳು.

"ಏನಂದ್ರಿ? ಗಟ್ಟಿಯಾಗ್ ಹೇಳಿ."

ಇನ್ನೊಮ್ಮೆ ಹೇಳಿದೆ. ಸುಲಿಯುತ್ತಿದ್ದವರು ತಲೆ ಎತ್ತಿದರು. ಅವಳಿಗೆ ಕೇಳಿಸಲಿಲ್ಲ.

"ಇನ್ನೂ ಗಟ್ಟಿಯಾಗಿ ಅಕ್ಕ. ಕೂಗಬೇಕು ನಂಗೆ, ಬಲಗಿವೀಲಿ ಒಸಿ ಉಳ್ದೈತೆ."

ಕೂಗಿದೆ. ಎದುರಿನ ಟೀ ಅಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು, ದಾರಿಯಲ್ಲಿ ಹೋಗುತ್ತಿದ್ದ ಆಟೋದವನು, ಎಲ್ಲರಿಗೂ ಕೇಳುವಂತೆ ಕೂಗಿದೆ: "ಅಟ್ಟದ ಮೇಲೆ ನೀವು ಹೌದು ಅಂದ್ರಿ! ನಾನು ಇಲ್ಲ ಅಂತ ಒತ್ತಿದೆ! ಕಂಪ್ಯೂಟರ್ ತಪ್ಪಲ್ಲ, ನಾನು! ನಿಮ್ಮ ಭಾವನಿಗೆ ಮಾತು ಕೊಟ್ಟಿದ್ದೆ! ಅದಕ್ಕೇ ಹಾಸನದಿಂದ ಯಾರೂ ಬರ್ಲಿಲ್ಲ!"

ರಸ್ತೆಯಲ್ಲಿ ನಾಲ್ಕು ಜನ ನಿಂತರು. ನಿಲ್ಲಲಿ ಅಂದುಕೊಂಡೆ. ಅಟ್ಟದ ಮೇಲೆ ಗುಟ್ಟಾಗಿ ಮಾಡಿದ್ದು, ಬೀದಿಯಲ್ಲಿ ಹೇಳಬೇಕಾಯಿತು. ಚಂದ್ರಮ್ಮ ಕಿವಿಯಿಂದ ಕೈ ತೆಗೆದಳು.

"ಗೊತ್ತಿತ್ತು" ಎಂದಳು. "ಬೇಲೂರಲ್ಲೇ ಗೊತ್ತಾಯ್ತು. ಕಂಪ್ಯೂಟ್ರು ತಪ್ಪು ಮಾಡಿದ್ರೆ ನೀವ್ಯಾಕೆ ತಲೆ ತಗ್ಗುಸ್ಕಂಡು ಓದ್ತಿದ್ರಿ?"

ನನ್ನ ಕೆಲಸ ಹೋಗಲಿರುವುದು, ಪತ್ರ ಬರೆದದ್ದು, ಯಾವುದನ್ನೂ ಹೇಳಲಿಲ್ಲ; ಹೇಳಿದರೆ ಅದೂ ನನ್ನ ಕಡೆಗೆ ವಾದ ಮಾಡಿದಂತಾಗುತ್ತಿತ್ತು. ಇದನ್ನೆಲ್ಲ ಬರೆಯುತ್ತೇನೆ, ನಿಮ್ಮ ಹೆಸರಿನ ಬದಲಿಗೆ ಬೇರೆ ಹೆಸರು ಹಾಕಲೇ ಎಂದು ಮಾತ್ರ ಕೂಗಿ ಕೇಳಿದೆ.

"ನನ್ನೆಸ್ರೇ ಹಾಕಿ. ಅವತ್ತು ಬರ್ಕಂಡಿದ್ರೆ ಇರ್ತಿತ್ತಲ್ಲ" ಎಂದಳು. ಆಮೇಲೆ ಕಾಯಿ ಕೈಗೆತ್ತಿಕೊಳ್ಳುತ್ತಾ, ನನ್ನ ಕಡೆ ನೋಡದೆ ಕೇಳಿದಳು: "ಬೇಲೂರಲ್ಲಿ ಚಪ್ಪಾಳೆ ತಟ್ಟಿದ್ರಲ್ಲ, ಇಷ್ಟೇ ಗಟ್ಟಿಯಾಗಿ ಅವ್ರ ಮುಂದೂ ಹೇಳ್ತೀರಾ? ಇಲ್ಲಾ, ಕಿವುಡಿ ಮುಂದೆ ಮಾತ್ರಾನಾ?"

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ನನಗಿಲ್ಲ. ಅವಳ ಕಿವಿಯನ್ನು ನಾನು ತಂದುಕೊಡಲಾರೆ, ನಾನು ಬರ್ತಾರೆ ಎಂದ ಮೇಲೆ ಅವಳು ದಾರಿ ನೋಡಿದ ಆ ಹದಿನೈದು ದಿನಗಳನ್ನೂ ತಂದುಕೊಡಲಾರೆ.

ಬರುವ ಸೋಮವಾರ ಅರಸೀಕೆರೆಯಲ್ಲಿ ತರಬೇತಿ ಶುರು. ಹೊಸ ಹುಡುಗಿಯರೆಲ್ಲ ಬರುತ್ತಾರೆ, ಹೊರಗಿನ ಅತಿಥಿಗಳೂ ಬರುತ್ತಾರೆ. ನನ್ನನ್ನು ಬರಬೇಡ ಎಂದಿದ್ದಾರೆ. ಹೋಗುತ್ತೇನೆ. ಮೈಕು ಕೊಡುವುದಿಲ್ಲ ಎಂದು ಗೊತ್ತು, ಬೇಕಾಗಿಯೂ ಇಲ್ಲ. ಕೂಗಿ ಹೇಳುವುದು ಹಳೇಬೀಡಿನ ರಸ್ತೆಯಲ್ಲಿ ನನಗೆ ಅಭ್ಯಾಸವಾಗಿದೆ.